ಬಕ್ ಮಾರ್ಕ್ ಪಿಸ್ತೂಲಿಗೆ ಬೇರೆ ಮಾಡೆಲ್‌ನ ಬ್ಯಾರೆಲ್ ಕೂರುತ್ತದೆಯೇ?

ಪ್ರಶ್ನೆ: ಸರ್, ನಮ್ಮ ಊರು ಶಿವಮೊಗ್ಗ, ಈಗ ಇರುವುದು ಟೆಕ್ಸಾಸ್‌ನಲ್ಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಗುರಿ ಅಭ್ಯಾಸಕ್ಕೆ ಅಂತ ಬ್ರೌನಿಂಗ್ ಬಕ್ ಮಾರ್ಕ್ ಕ್ಯಾಂಪರ್ ತೆಗೆದುಕೊಂಡೆ. .22 ಎಲ್ಆರ್ (ಲಾಂಗ್ ರೈಫಲ್ ಎಂಬ ಸಣ್ಣ ತೋಟಾ), 5.5 ಇಂಚಿನ ಬ್ಯಾರೆಲ್. ರೇಂಜಿನಲ್ಲಿ ಪರಿಚಯವಾದ ಹಿರಿಯರೊಬ್ಬರು ಎರಡು ಹಳೇ ಬ್ಯಾರೆಲ್ ಮಾರುತ್ತಿದ್ದಾರೆ. ಒಂದು ಬಕ್ ಮಾರ್ಕ್ ಮೈಕ್ರೋದ 4 ಇಂಚಿನದು, ಇನ್ನೊಂದು ಕಾಂಟೂರ್ ಮಾಡೆಲ್‌ನ 7.25 ಇಂಚಿನದು. ಇವು ನನ್ನ ಪಿಸ್ತೂಲಿಗೆ ಕೂರುತ್ತವೆಯೇ? ನನ್ನ ಗೆಳೆಯನ ರುಗರ್ ಮಾರ್ಕ್ 4ಕ್ಕೂ ಹೀಗೇ ಬ್ಯಾರೆಲ್ ಬದಲಿಸಬಹುದೇ? ಬೆಂಗಳೂರಿನಲ್ಲಿ ಶೂಟಿಂಗ್ ಕಲಿಯುತ್ತಿರುವ ಅಕ್ಕನ ಮಗನಿಗೆ ಒಂದನ್ನು ತೆಗೆದುಕೊಂಡು ಹೋಗಬಹುದೇ?

ಉತ್ತರ: ಎರಡೂ ಬ್ಯಾರೆಲ್ ನಿಮ್ಮ ಫ್ರೇಮಿಗೆ, ಅಂದರೆ ಹಿಡಿ ಮತ್ತು ಟ್ರಿಗರ್ ಇರುವ ಕೆಳಭಾಗಕ್ಕೆ, ಕೂರುತ್ತವೆ. ಆದರೆ ಮೈಕ್ರೋದ್ದು ಹೆಚ್ಚು ತಕರಾರಿಲ್ಲದೆ ಕೆಲಸ ಮಾಡುತ್ತದೆ. ಕಾಂಟೂರ್‌ದು ಅದರ ಮೇಲಿನ ಉದ್ದ ರೇಲ್ (ಗುರಿ ನೋಡುವ ಸೈಟ್‌ಗಳನ್ನು ಕೂರಿಸುವ ಪಟ್ಟಿ) ಸಮೇತ ಸಿಕ್ಕರೆ ಮಾತ್ರ ಕೊಳ್ಳಿ, ಬರೀ ಬ್ಯಾರೆಲ್ ಸಿಕ್ಕರೆ ಬಿಟ್ಟುಬಿಡಿ. ರುಗರ್ ಕಥೆಯೇ ಬೇರೆ. ಬೆಂಗಳೂರಿಗೆ ಮಾತ್ರ ದಯವಿಟ್ಟು ಬೇಡ. ಒಂದೊಂದಾಗಿ ಹೇಳುತ್ತೇನೆ.

ಮೊದಲು, ನಿಮ್ಮ ಪಿಸ್ತೂಲಿನಲ್ಲಿ ಕಾನೂನಿನ ಕಣ್ಣಿಗೆ ‘ಪಿಸ್ತೂಲು’ ಯಾವುದು ಎಂಬುದು ತಿಳಿದಿರಲಿ. ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಸೀರಿಯಲ್ ನಂಬರ್ ಇರುವ ಫ್ರೇಮ್ ಅಥವಾ ರಿಸೀವರೇ ಆಯುಧ. ಬಕ್ ಮಾರ್ಕ್‌ನಲ್ಲಿ ಆ ನಂಬರ್ ಇರುವುದು ಅಲ್ಯೂಮಿನಿಯಂ ಫ್ರೇಮಿನ ಮೇಲೆ. ಬ್ಯಾರೆಲ್ ಬರೀ ಬಿಡಿಭಾಗ. ಹಾಗಾಗಿ ಟೆಕ್ಸಾಸ್‌ನಲ್ಲಿ ನೀವು ಆ ಹಿರಿಯರಿಂದ ಬ್ಯಾರೆಲ್ ಕೊಳ್ಳುವುದಕ್ಕೆ ಡೀಲರ್ ಬೇಕಿಲ್ಲ, ಫಾರ್ಮ್ ಬೇಕಿಲ್ಲ. ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ಅಲ್ಲಿನ ನಿಯಮ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಗಜೀನ್ ಕಳಚುವ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿಗೆ ಸೈಲೆನ್ಸರ್ ತಿರುಗಿಸಿ ಹಾಕುವಂಥ ಥ್ರೆಡ್ ಇರುವ ಬ್ಯಾರೆಲ್ ಹಾಕಿದರೆ, ಅದು ನಿಷೇಧಿತ ‘ಅಸಾಲ್ಟ್ ವೆಪನ್’ ಪಟ್ಟಿಗೆ ಸೇರುತ್ತದೆ. ರೈಫಲ್ಲಿನ ವಿಷಯದಲ್ಲಿ ಅಲ್ಲಿನ ಕಾನೂನು ಸೆಂಟರ್‌ಫೈರ್ (ತೋಟಾದ ತಳದ ನಡುವೆ ಪಿನ್ ಬಡಿಯುವಂಥದ್ದು, .22 ಅಂಥದ್ದಲ್ಲ) ಅಂತ ಬಿಡಿಸಿ ಹೇಳುತ್ತದೆ. ಪಿಸ್ತೂಲಿನ ವಿಷಯದಲ್ಲಿ ಹಾಗೆ ಹೇಳುವುದಿಲ್ಲ. ‘ಪುಟ್ಟ .22 ತಾನೇ’ ಅಂದುಕೊಂಡವರು ಇಲ್ಲೇ ಸಿಕ್ಕಿಬೀಳುವುದು. ನಿಮ್ಮ ಎರಡು ಬ್ಯಾರೆಲ್‌ಗಳಲ್ಲಿ ಯಾವುದರ ಬಾಯಿಯಲ್ಲಾದರೂ ಥ್ರೆಡ್ ಇದ್ದರೆ ಇದು ನೆನಪಿರಲಿ.

ನಿಮಗೆ ಗ್ರೀನ್ ಕಾರ್ಡ್ ಇದೆ, ತೊಂದರೆಯಿಲ್ಲ. ಇದನ್ನು ಓದುತ್ತಿರುವ ಎಚ್-1ಬಿ ವೀಸಾದವರಿಗೆ ಒಂದು ಮಾತು. ಆ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯರ ಜೊತೆ ರೇಂಜಿಗೆ ಹೋಗುವ ಮುಂಚೆಯೇ ಇದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು ಕಾನೂನಿನ ಮಾತು ಹೇಳಿ ಮುಂದೆ ಹೋಗುತ್ತೇನೆ. ಬಕ್ ಮಾರ್ಕ್‌ನದೇ ರೈಫಲ್ ರೂಪವೂ ಇದೆ, 18 ಇಂಚಿನ ಬ್ಯಾರೆಲ್, ಹೆಗಲಿಗೆ ಒರಗಿಸುವ ಮರದ ಹಿಡಿ. ನಿಮ್ಮ ಪಿಸ್ತೂಲ್ ಬ್ಯಾರೆಲನ್ನು ಆ ರೈಫಲ್ಲಿಗೆ ಹಾಕಿದರೆ ಅದು 16 ಇಂಚಿಗಿಂತ ಗಿಡ್ಡ ಬ್ಯಾರೆಲ್‌ನ ರೈಫಲ್ ಆಗುತ್ತದೆ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯಡಿ ಅದನ್ನು ಮೊದಲೇ ನೋಂದಾಯಿಸದೆ ಜೋಡಿಸುವುದು ದೊಡ್ಡ ಅಪರಾಧ. ಥಾಂಪ್ಸನ್ ಸೆಂಟರ್ ಕಂಪನಿಯ ಕಂಟೆಂಡರ್ ಎಂಬ ಬ್ಯಾರೆಲ್ ಬದಲಿಸುವ ಪಿಸ್ತೂಲಿನ ಕಿಟ್ ವಿಚಾರದಲ್ಲಿ ಇಂಥದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1992ರಲ್ಲಿ ಕಂಪನಿಯ ಪರ ತೀರ್ಪು ಬಂತು. ಕಿಟ್‌ನಲ್ಲಿದ್ದ ಭಾಗಗಳನ್ನು ಕಾನೂನುಬದ್ಧವಾಗಿಯೂ ಜೋಡಿಸಬಹುದಿತ್ತು ಎಂಬುದು ಅಲ್ಲಿ ಮುಖ್ಯವಾಯಿತು. ತಪ್ಪಾಗಿ ಜೋಡಿಸಿದವರಿಗೆ ಆ ತೀರ್ಪು ರಕ್ಷಣೆ ಕೊಡುವುದಿಲ್ಲ.

ಈಗ ಬ್ಯಾರೆಲ್‌ಗೆ ಬರೋಣ. ಹಳೇ ಬ್ಯಾರೆಲ್ ಕೈಗೆ ಬಂದರೆ ಎಲ್ಲರೂ ಮೊದಲು ಬಾಯಿ ಕಡೆಯಿಂದ ಒಳಗೆ ಇಣುಕಿ ನೋಡುತ್ತಾರೆ, ಹೊಳೆಯುತ್ತಿದ್ದರೆ ಖುಷಿ. ನಾನು ಮೊದಲು ನೋಡುವುದು ಹಿಂಬದಿಯನ್ನು. .22 ಬ್ಯಾರೆಲ್‌ನ ಹಣೆಬರಹ ಇರುವುದು ಅಲ್ಲಿ.

ಯಾಕೆ ಅಂತ ಹೇಳುತ್ತೇನೆ. ದೊಡ್ಡ ಪಿಸ್ತೂಲಿನ ತೋಟಾದಲ್ಲಿ ತಳದ ನಡುವೆ ಪ್ರೈಮರ್, ಅಂದರೆ ಪಿನ್ನಿನ ಏಟಿಗೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಬಟ್ಟಲು, ಇರುತ್ತದೆ. .22ರಲ್ಲಿ ಹಾಗಿಲ್ಲ. ತಳದ ಸುತ್ತಲಿನ ತೆಳು ಅಂಚಿನೊಳಗೇ ಸಿಡಿಯುವ ಮದ್ದು ತುಂಬಿರುತ್ತದೆ. ಫೈರಿಂಗ್ ಪಿನ್ ಬಂದು ಆ ಅಂಚನ್ನು ಬ್ಯಾರೆಲ್‌ನ ಹಿಂದಿನ ಮುಖಕ್ಕೆ ಒತ್ತಿ ಜಜ್ಜಿದಾಗ ಮಾತ್ರ ಮದ್ದು ಹತ್ತುತ್ತದೆ. ಅಂದರೆ ಆ ಹಿಂದಿನ ಮುಖವೇ ಇಲ್ಲಿ ಅಡಿಗಲ್ಲು. ಅದು ಸವೆದಿದ್ದರೆ, ತಗ್ಗು ಬಿದ್ದಿದ್ದರೆ ಗುಂಡು ಹಾರುವುದೇ ಅನುಮಾನ.

ತೋಟಾ ಒಳಗೆ ಇಲ್ಲದೆ ಟ್ರಿಗರ್ ಎಳೆಯುತ್ತಾ ಹೋದರೆ, ಫೈರಿಂಗ್ ಪಿನ್‌ಗೆ ಸರಿಯಾದ ತಡೆ ಇಲ್ಲದಿದ್ದಲ್ಲಿ, ಅದು ನೇರ ಬ್ಯಾರೆಲ್‌ನ ಅಂಚಿಗೇ ಬಡಿಯುತ್ತದೆ. ಪಿನ್ ಬಡಿಯುವ ಜಾಗದಲ್ಲಿ ಪುಟ್ಟ ಗುಳಿ ಬೀಳುತ್ತದೆ, ಆ ಗುಳಿಯ ಲೋಹ ತೋಟಾ ಕೂರುವ ಜಾಗವಾದ ಛೇಂಬರಿನ ಒಳಕ್ಕೆ ಉಬ್ಬಿಕೊಳ್ಳುತ್ತದೆ. ಕಣ್ಣಿಗೆ ಕಾಣದಿದ್ದರೂ ಹಲ್ಲುಕಡ್ಡಿಯ ಮೊನೆಯನ್ನು ಛೇಂಬರಿನ ಬಾಯಿ ಸುತ್ತ ಆಡಿಸಿದರೆ ಅಲ್ಲಿ ತಡೆಯುತ್ತದೆ. ಹೀಗೆ ಏಟು ತಿಂದ ಬ್ಯಾರೆಲ್‌ನಲ್ಲಿ ತೋಟಾ ಕೊನೆಯವರೆಗೆ ಒಳಗೆ ಕೂರುವುದಿಲ್ಲ, ಖಾಲಿ ಕೇಸ್ ಸರಾಗವಾಗಿ ಹೊರಬರುವುದೂ ಇಲ್ಲ. ಸಣ್ಣ ಉಬ್ಬಾದರೆ ಅದಕ್ಕೇ ಅಂತ ಇರುವ ಉಪಕರಣದಿಂದ ಗನ್‌ಸ್ಮಿತ್ ಒತ್ತಿ ಸರಿಮಾಡಿ ಕೊಡುತ್ತಾರೆ. ನೀವೇ ಅರ ಹಿಡಿದು ಉಜ್ಜಬೇಡಿ. ಅಲ್ಲಿಂದ ಒಂದು ಕೂದಲೆಳೆ ಲೋಹ ಹೋದರೂ ವಾಪಸ್ ಬರುವುದಿಲ್ಲ.

ಎರಡನೆಯದು ಹೆಡ್‌ಸ್ಪೇಸ್. ಬ್ಯಾರೆಲ್ ಹಿಂದೆ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡ್ ಪೂರ್ತಿ ಮುಚ್ಚಿದಾಗ ತೋಟಾದ ಅಂಚು ಕೂರುವುದಕ್ಕೆ ಉಳಿಯುವ ಜಾಗ ಅದು. .22 ಎಲ್ಆರ್‌ಗೆ ಅಮೆರಿಕದ ಉದ್ಯಮದ ಅಳತೆ 0.043ರಿಂದ 0.052 ಇಂಚು, ಅಂದರೆ ಸುಮಾರು 1.09ರಿಂದ 1.32 ಮಿ.ಮೀ. ಜಾಗ ಜಾಸ್ತಿಯಾದರೆ ಪಿನ್ನಿನ ಏಟು ಸಡಿಲವಾಗಿ ತೋಟಾ ಸಿಡಿಯದೆ ಉಳಿಯಬಹುದು, ಇಲ್ಲವೇ ತೆಳುವಾದ ಅಂಚಿಗೆ ಆಸರೆ ತಪ್ಪಿ ಕೇಸ್ ಹಿಂದಿನಿಂದ ಒಡೆಯಬಹುದು. ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಸ್ಲೈಡ್ ಬಂದು ಬಡಿಯುವ ರಭಸಕ್ಕೇ ಅಂಚು ನಜ್ಜುಗುಜ್ಜಾಗಿ, ಟ್ರಿಗರ್ ಮುಟ್ಟದೆಯೂ ಸಿಡಿಯುವ ಅಪಾಯವಿದೆ. ಈ ಜಾಗವನ್ನು ಕೆಲವು ಪಿಸ್ತೂಲುಗಳಲ್ಲಿ ಬೋಲ್ಟಿನ (ತೋಟಾವನ್ನು ಹಿಂದಿನಿಂದ ಮುಚ್ಚುವ ಭಾಗ) ಮುಖದಲ್ಲಿ ಕೊರೆದಿರುತ್ತಾರೆ, ಕೆಲವದರಲ್ಲಿ ಬ್ಯಾರೆಲ್‌ನ ಹಿಂಬದಿಯಲ್ಲಿ. ಒಂದೇ ಕಂಪನಿಯ ಒಂದೇ ಕುಟುಂಬದ ಪಿಸ್ತೂಲುಗಳಾದರೆ ಇದು ಸಾಮಾನ್ಯವಾಗಿ ಹೊಂದುತ್ತದೆ, ಬಕ್ ಮಾರ್ಕ್‌ನಲ್ಲೂ ಅಷ್ಟೇ. ಆದರೂ ಬೇರೆ ಕಂಪನಿ ಮಾಡಿದ ಬ್ಯಾರೆಲ್ಲೋ, ಯಾರೋ ಲೇತ್ ಮೇಲೆ ಕೈಯಾಡಿಸಿದ ಬ್ಯಾರೆಲ್ಲೋ ಆದರೆ ಗೇಜ್ ಹಾಕಿ ನೋಡಿಸದೆ ಗುಂಡು ಹಾಕಬೇಡಿ. ಗನ್‌ಸ್ಮಿತ್‌ಗೆ ಇದು ಸಣ್ಣ ಕೆಲಸ.

ಮೂರನೆಯದು ಬ್ಯಾರೆಲ್‌ನ ಹಿಂದಿನ ಮುಖದಲ್ಲಿರುವ ಕಚ್ಚು. ಖಾಲಿ ಕೇಸನ್ನು ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಅಲ್ಲಿ ಕೂರಬೇಕು. ದುಂಡನೆಯ ಬ್ಯಾರೆಲ್ ಒಂದಿಷ್ಟು ಓರೆಯಾಗಿ ಕೂತರೂ ಕೊಕ್ಕೆ ಕಚ್ಚಿನ ಗೋಡೆಗೆ ತಾಗುತ್ತದೆ. ಸ್ಲೈಡನ್ನು ಕೈಯಿಂದ ಮೆಲ್ಲಗೆ ಮುಂದಕ್ಕೆ ಬಿಟ್ಟು, ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ಮುಖಕ್ಕೂ ಬ್ಯಾರೆಲ್‌ನ ಮುಖಕ್ಕೂ ಮಧ್ಯೆ ಒಂದು ಕಡೆ ಬೆಳಕು ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬರಬಾರದು.

ಇಲ್ಲಿಗೆ ಬ್ಯಾರೆಲ್ ಒಳ್ಳೆಯದು ಅಂತ ಗೊತ್ತಾಯಿತು ಅನ್ನಿ. ಇನ್ನು ನಿಮ್ಮ ಎರಡು ಬ್ಯಾರೆಲ್‌ಗಳ ನಡುವಿನ ನಿಜವಾದ ವ್ಯತ್ಯಾಸ. ಬಕ್ ಮಾರ್ಕ್ 1985ರಲ್ಲಿ ಬಂದದ್ದು. ಅಲ್ಲಿಂದ ಇಲ್ಲಿಯವರೆಗೆ ಹತ್ತಾರು ಹೆಸರಿನ ಮಾದರಿಗಳು ಬಂದಿವೆ. ದುಂಡು ಬ್ಯಾರೆಲ್, ಚಪ್ಪಟೆ ಬದಿಯ ಬ್ಯಾರೆಲ್, ಮುಂದೆ ಹೋಗ್ತಾ ಸಣ್ಣಗಾಗುವ ಬ್ಯಾರೆಲ್, ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ಹೊದಿಕೆ ಹಾಕಿದ ಹಗುರ ಬ್ಯಾರೆಲ್, ಹೀಗೆ. ಎಲ್ಲವೂ ಫ್ರೇಮಿಗೆ ಕೂರುವುದು ಒಂದೇ ರೀತಿ, ಟ್ರಿಗರ್ ಗಾರ್ಡಿನ ಮುಂದೆ ಕೆಳಗಿನಿಂದ ಬರುವ ಒಂದೇ ಸ್ಕ್ರೂನಿಂದ. ಹಾಗಾಗಿಯೇ ‘ಬಕ್ ಮಾರ್ಕ್ ಬ್ಯಾರೆಲ್ ಯಾವುದಾದರೂ ಆಗುತ್ತದೆ’ ಎಂಬ ಮಾತು ಹುಟ್ಟಿರುವುದು. ಕೆಳಗಡೆ ನೋಡಿದರೆ ಅದು ನಿಜ. ಮೇಲ್ಗಡೆ ನೋಡಿದರೆ ಅರ್ಧ ಸತ್ಯ.

ನಿಮ್ಮ ಕ್ಯಾಂಪರ್ ಮೇಲೆ ಹಿಂದಿನ ಸೈಟ್ ಇರುವ ಒಂದು ಚಿಕ್ಕ ಪಟ್ಟಿ ಇದೆ ಅಲ್ವಾ? ಅದು ಸ್ಲೈಡಿನ ಮೇಲಿಂದ ಸೇತುವೆ ಹಾಗೆ ಹಾದುಹೋಗುತ್ತದೆ. ಅದರ ಮುಂದಿನ ಸ್ಕ್ರೂ ಬ್ಯಾರೆಲ್ ಒಳಕ್ಕೆ ಇಳಿಯುತ್ತದೆ, ಹಿಂದಿನದು ಫ್ರೇಮ್ ಒಳಕ್ಕೆ. ಸ್ಲೈಡ್ ಮೇಲಕ್ಕೆ ಏಳದಂತೆ ಹಿಡಿದಿರುವುದೂ ಅದೇ ಪಟ್ಟಿ. ಮೈಕ್ರೋದ ಬ್ಯಾರೆಲ್ ಹಿಂಬದಿಯಲ್ಲೂ ಇದೇ ಪಟ್ಟಿಗೆ ತೂತು ಇರುತ್ತದೆ, ಹಾಗಾಗಿ ನಿಮ್ಮ ಪಟ್ಟಿಯನ್ನೇ ಬಳಸಬಹುದು. ಹೊಸ ‘ಪ್ಲಸ್’ ಮಾದರಿಗಳಲ್ಲಿ ಡಾಟ್ ಸೈಟ್ (ಗುರಿಗೆ ಬೆಳಕಿನ ಚುಕ್ಕಿ ತೋರಿಸುವ ಸೈಟ್) ಕೂರಿಸುವಂಥ ಬೇರೆ ಬೇಸ್ ಬರುತ್ತದೆ. ಆ ಹಿರಿಯರ ಮೈಕ್ರೋ ಯಾವ ಕಾಲದ್ದು ಅಂತ ಕೇಳಿಕೊಳ್ಳಿ. ಕಾಂಟೂರ್‌ನಲ್ಲಾದರೆ ಬ್ಯಾರೆಲ್‌ನ ಬಾಯಿಯಿಂದ ಹಿಂದಿನವರೆಗೆ ಒಂದೇ ಉದ್ದ ರೇಲ್. ಎರಡೂ ಸೈಟ್ ಆ ವ್ಯವಸ್ಥೆಯ ಭಾಗ, ಸ್ಕ್ರೂ ತೂತುಗಳ ಜಾಗವೂ ಅದಕ್ಕೆ ತಕ್ಕಂತೆ. ರೇಲ್ ಇಲ್ಲದ ಕಾಂಟೂರ್ ಬ್ಯಾರೆಲ್ ಕೊಂಡರೆ ಮನೆಗೆ ಬರುವುದು ಒಂದು ಒಳ್ಳೆಯ ಉಕ್ಕಿನ ಕೊಳವೆ ಅಷ್ಟೇ. ಬ್ಯಾರೆಲ್, ಮೇಲಿನ ಪಟ್ಟಿ, ಮುಂದಿನ ಸೈಟ್, ಪಟ್ಟಿಯ ಸ್ಕ್ರೂಗಳು, ಇವು ನಾಲ್ಕನ್ನೂ ಒಂದೇ ಸಾಮಾನು ಅಂತ ತಿಳಿದು ಬೆಲೆ ಮಾತಾಡಿ.

ಮುಂದಿನ ಸೈಟಿನ ಎತ್ತರವನ್ನು ಜನ ಹಗುರವಾಗಿ ನೋಡುತ್ತಾರೆ. ಒಂದು ಲೆಕ್ಕ ಹಾಕಿ. ಎರಡು ಸೈಟುಗಳ ನಡುವೆ 200 ಮಿ.ಮೀ. ಅಂತರ ಇದೆ ಅಂದುಕೊಳ್ಳಿ. ಹೊಸ ಬ್ಯಾರೆಲ್‌ನ ಮುಂದಿನ ಸೈಟ್ ಕೇವಲ 1 ಮಿ.ಮೀ. ಎತ್ತರ ಇದ್ದರೆ, 25 ಮೀಟರಿನಲ್ಲಿ ಗುಂಡು 125 ಮಿ.ಮೀ. ಕೆಳಗೆ ಬೀಳುತ್ತದೆ. 25 ಮೀಟರ್ ಪ್ರಿಸಿಷನ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 50 ಮಿ.ಮೀ. ಅಗಲ. ನಡುಮಧ್ಯಕ್ಕೆ ಗುರಿಯಿಟ್ಟವನ ಗುಂಡು ಆರರ ಗೆರೆ ಹತ್ತಿರ ಹೋಗಿ ಕೂರುತ್ತದೆ! ಸೈಟುಗಳ ಅಂತರ ಕಡಿಮೆಯಾದಷ್ಟೂ ಇದು ಜಾಸ್ತಿ, ಅಂದರೆ 4 ಇಂಚಿನ ಬ್ಯಾರೆಲ್‌ನಲ್ಲಿ ಇನ್ನೂ ಎದ್ದು ಕಾಣುತ್ತದೆ. ಹಿಂದಿನ ಸೈಟಿನ ಸ್ಕ್ರೂ ತಿರುಗಿಸಿ ಒಂದಿಷ್ಟು ಸರಿಮಾಡಬಹುದು, ಆದರೆ ಅದಕ್ಕೂ ಮಿತಿ ಇದೆ. ಬ್ಯಾರೆಲ್ ಬದಲಿಸಿದಾಗಲೆಲ್ಲ ಮತ್ತೆ ಝೀರೋ ಮಾಡಲೇಬೇಕು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸಬೇಕು.

ಈ ಒಂದು ವಿಷಯದಲ್ಲಿ ನನಗೆ ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 41 ತುಂಬಾ ಇಷ್ಟ. 1957ರಿಂದ ಬರುತ್ತಿರುವ ಪಿಸ್ತೂಲು. ಟ್ರಿಗರ್ ಗಾರ್ಡನ್ನು ಕೆಳಕ್ಕೆ ಎಳೆದರೆ ಬ್ಯಾರೆಲ್ ಕೈಗೆ ಬರುತ್ತದೆ, ಸ್ಕ್ರೂ ಇಲ್ಲ, ಕೀ ಇಲ್ಲ. ಹಿಂದಿನ ಸೈಟ್ ಸ್ಲೈಡಿನ ಮೇಲಕ್ಕೆ ಚಾಚಿದ ಬ್ಯಾರೆಲ್‌ನ ಭಾಗದ ಮೇಲೇ ಇರುವುದರಿಂದ, ಎರಡೂ ಸೈಟ್ ಬ್ಯಾರೆಲ್ ಜೊತೆಯೇ ಹೋಗಿ ಜೊತೆಯೇ ಬರುತ್ತವೆ. ಎರಡು ಬ್ಯಾರೆಲ್ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಯೋಚನೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಬೆಲೆ ಮಾತ್ರ ಬಕ್ ಮಾರ್ಕ್‌ಗಿಂತ ಬಹಳ ಮೇಲೆ.

ಉದ್ದದ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, 7.25 ಇಂಚಿನದು ಹೆಚ್ಚು ನಿಖರ ಅಂತ. ಬ್ಯಾರೆಲ್ ಉದ್ದವಾದರೆ ಗುಂಡಿನ ವೇಗ ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಒಳ್ಳೆಯ 4 ಇಂಚಿನ ಬ್ಯಾರೆಲ್ಲೂ ಬೆಂಚ್ ಮೇಲೆ ಇಟ್ಟು ಹೊಡೆದರೆ ಒಂದೇ ತೂತಿನ ಸುತ್ತ ಗುಂಡು ಕೂರಿಸುತ್ತದೆ. ಉದ್ದ ಬ್ಯಾರೆಲ್‌ನಿಂದ ಲಾಭ ಆಗುವುದು ನಿಮ್ಮ ಕಣ್ಣಿಗೆ. ಸೈಟುಗಳ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಚೆನ್ನಾಗಿ ಕಾಣುತ್ತದೆ. ಮುಂಭಾಗ ಭಾರವಾಗುವುದರಿಂದ ಕೈ ಅಲುಗಾಟವೂ ನಿಧಾನವಾಗುತ್ತದೆ. ಡಾಟ್ ಸೈಟ್ ಹಾಕುವವರಿಗೆ ಮೊದಲ ಲಾಭ ಸಿಗುವುದೇ ಇಲ್ಲ.

ಜೋಡಿಸುವ ಕೆಲಸ. ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಎಳೆದು ಛೇಂಬರ್ ಖಾಲಿ ಇದೆಯೇ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಕನ್ನಡಕ ಹಾಕಿಕೊಳ್ಳಿ, ಸ್ಲೈಡ್ ಬಿಚ್ಚುವಾಗ ಸ್ಪ್ರಿಂಗ್ ಮತ್ತು ರಾಡ್ ಹಾರುತ್ತವೆ. ಮೇಲಿನ ಪಟ್ಟಿಯ ಎರಡು ಸ್ಕ್ರೂ ಬಿಚ್ಚುವಾಗ ಅದರ ಕೆಳಗಿನ ಪುಟ್ಟ ಲಾಕ್ ವಾಷರ್‌ಗಳನ್ನು ಕಳೆದುಕೊಳ್ಳಬೇಡಿ, ಬಿಳೀ ಬಟ್ಟೆ ಹಾಸಿಕೊಂಡು ಕೂತರೆ ಒಳ್ಳೆಯದು. ಈ ಸ್ಕ್ರೂಗಳು ಇಂಚಿನ ಅಳತೆಯವು. ಮನೆಯಲ್ಲಿರುವ ಮೆಟ್ರಿಕ್ ಅಲೆನ್ ಕೀ ‘ಹತ್ತಿರ ಹತ್ತಿರ ಕೂರುತ್ತೆ’ ಅಂತ ತಿರುಗಿಸಿದರೆ ಸ್ಕ್ರೂ ತಲೆ ದುಂಡಗಾಗಿ ಹೋಗುತ್ತದೆ. ಆಮೇಲೆ ಅದನ್ನು ತೆಗೆಯುವುದೇ ಒಂದು ದೊಡ್ಡ ಕೆಲಸ. ಸ್ಕ್ರೂ ಬಿಗಿಯಾಗಿದ್ದರೆ ಅಂಟು ಹಾಕಿದ್ದಾರೆ ಅಂತ ಅರ್ಥ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ನಿಧಾನವಾಗಿ ಬರುತ್ತದೆ.

ಬ್ಯಾರೆಲ್ ಬಿಚ್ಚಿದ ಮೇಲೆ ಫ್ರೇಮಿನಲ್ಲಿ ಅದು ಕೂರುವ ಕುಳಿಯನ್ನು ನೋಡಿ. ಮದ್ದಿನ ಕಪ್ಪು ಮಸಿ, ಸೀಸದ ಪುಡಿ ಸೇರಿ ಗಟ್ಟಿಯಾದ ತೆಳು ಪದರ ಇರುತ್ತದೆ. ಅದರ ಮೇಲೇ ಹೊಸ ಬ್ಯಾರೆಲ್ ಬಿಗಿದರೆ ಅದು ಓರೆಯಾಗಿ ಕೂರುತ್ತದೆ. ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಆಮೇಲೆ ಆ ಜಾಗದ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಹೊಸ ಬ್ಯಾರೆಲ್ ಇಟ್ಟು, ಸ್ಕ್ರೂ ಹಾಕುವ ಮುಂಚೆಯೇ ಕೈಯಲ್ಲಿ ಅಲುಗಿಸಿ ನೋಡಿ, ಕುಲುಕಬಾರದು. ಫ್ರೇಮ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕಿನದು. ಉದ್ದ ಹಿಡಿಯ ಕೀ ಹಾಕಿ ಮೈಬಲವೆಲ್ಲ ಬಿಟ್ಟು ಬಿಗಿದರೆ ಸೋಲುವುದು ಫ್ರೇಮೇ, ಅಂದರೆ ಕಾನೂನಿನ ಪ್ರಕಾರ ನಿಮ್ಮ ಪಿಸ್ತೂಲೇ. ಗಿಡ್ಡ ಕೀ, ಮಣಿಕಟ್ಟಿನ ಬಲ, ನೀಲಿ ಥ್ರೆಡ್ ಲಾಕರ್‌ನ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಒಂದು ಹನಿ ಸಾಕು. ಕೆಂಪು ಲಾಕರ್ ಬೇಡ, ಮುಂದಿನ ಸಲ ಬಿಚ್ಚಲಾರಿರಿ.

ಮೊದಲ ಸಲ ಹೊಡೆಯುವಾಗ ಮ್ಯಾಗಜೀನಿಗೆ ಒಂದೇ ಒಂದು ತೋಟಾ ಹಾಕಿ. ಆಮೇಲೆ ಎರಡು. ಟ್ರಿಗರ್ ಒಮ್ಮೆ ಎಳೆದರೆ ಎರಡೂ ಹಾರುವಂಥ ತೊಂದರೆ ಇದ್ದರೆ ಎರಡರಲ್ಲೇ ಗೊತ್ತಾಗುತ್ತದೆ, ಹತ್ತು ಹಾಕಿಕೊಂಡು ನೋಡುವುದು ಬೇಡ. ಹೊರಗೆ ಬಿದ್ದ ಖಾಲಿ ಕೇಸ್ ಎತ್ತಿಕೊಂಡು ನೋಡಿ. ಪಿನ್ನಿನ ಗುರುತು ಅಂಚಿನ ಮೇಲೆ ಚೆನ್ನಾಗಿ ಮೂಡಿರಬೇಕು. ಅಂಚಿನ ಪಕ್ಕ ಹೊಟ್ಟೆ ಉಬ್ಬಿದ್ದರೆ, ಸೀಳಿದ್ದರೆ, ಹೊಗೆಯ ಮಸಿ ಹಿಂದಕ್ಕೆ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಐದಾರು ಕೇಸ್ ಒಂದೇ ರೀತಿ ಚೆನ್ನಾಗಿದ್ದರೆ ಮುಂದುವರಿಯಿರಿ. ಒಂದು ಡಬ್ಬಿ ಗುಂಡು ಖಾಲಿಯಾದ ಮೇಲೆ ಮೂರೂ ಸ್ಕ್ರೂಗಳನ್ನು ಮತ್ತೆ ಮುಟ್ಟಿ ನೋಡಿ.

ಇನ್ನು ರುಗರ್. ಮಾರ್ಕ್ ಸರಣಿಯ ಮೂಲ ಪಿಸ್ತೂಲು 1949ರದು. ಅಲ್ಲಿಂದಲೂ ಬ್ಯಾರೆಲ್ ಕೊಳವೆಯಾಕಾರದ ರಿಸೀವರಿಗೆ ಥ್ರೆಡ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ, ಸೀರಿಯಲ್ ನಂಬರ್ ಇರುವುದು ಆ ರಿಸೀವರ್ ಮೇಲೇ. 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಹಿಂದಿನ ಬಟನ್ ಒತ್ತಿದರೆ ಇಡೀ ಮೇಲ್ಭಾಗ ಮುಂದಿನ ಕೀಲಿನ ಮೇಲೆ ತಿರುಗಿ ಕೈಗೆ ಬರುತ್ತದೆ. ನೋಡಲು ಬ್ಯಾರೆಲ್ ಬದಲಿಸಿದಂತೆಯೇ ಕಾಣುತ್ತದೆ, ಆದರೆ ಕೈಯಲ್ಲಿರುವುದು ಕಾನೂನಿನ ಪ್ರಕಾರ ಇಡೀ ಪಿಸ್ತೂಲು. ಅಂಗಡಿಯಲ್ಲಿ ಇನ್ನೊಂದು ಮೇಲ್ಭಾಗ ಕೊಳ್ಳಬೇಕೆಂದರೆ ಫಾರ್ಮ್ 4473 ತುಂಬಿ ಇನ್ನೊಂದು ಪಿಸ್ತೂಲು ಕೊಂಡಂತೆಯೇ ಕೊಳ್ಳಬೇಕು. ಮಾರ್ಕ್ 2, ಮಾರ್ಕ್ 3ರ ಮೇಲ್ಭಾಗಕ್ಕೆ ಆ ಕೀಲೇ ಇಲ್ಲ, ಹಾಗಾಗಿ ಅವು ಮಾರ್ಕ್ 4ರ ಫ್ರೇಮಿಗೆ ಆಗುವುದಿಲ್ಲ. ನಿಮ್ಮ ಗೆಳೆಯರಿಗೆ ಸುಲಭವಾಗಿ ಬ್ಯಾರೆಲ್ ಬದಲಿಸುವ ಆಸೆ ಇದ್ದರೆ ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿ ನೋಡಲು ಹೇಳಿ. ಅದರಲ್ಲಿ ಒಂದು ಸ್ಕ್ರೂ ಬಿಚ್ಚಿದರೆ ಬ್ಯಾರೆಲ್ ಬರುತ್ತದೆ, ನಂಬರ್ ಇರುವುದು ಫ್ರೇಮಿನ ಮೇಲೆ.

ಆ ಹಿರಿಯರ ಡಬ್ಬಿಯಲ್ಲಿ ಹೈ ಸ್ಟ್ಯಾಂಡರ್ಡ್ ಕಂಪನಿಯ ಹಳೇ ಬ್ಯಾರೆಲ್ ಏನಾದರೂ ಕಂಡರೆ ಇನ್ನೂ ಜಾಗ್ರತೆ. ಲಿವರ್‌ನಿಂದ ಕಳಚುವ ಹಳೆಯವು, ಬಟನ್ ಒತ್ತಿ ಕಳಚುವವು, ಕೊನೆಗಾಲದಲ್ಲಿ ಬಂದ ಅಲೆನ್ ಸ್ಕ್ರೂನವು, ಇವು ಒಂದಕ್ಕೊಂದು ಆಗುವುದಿಲ್ಲ. ಅದರಲ್ಲೂ ಒಲಿಂಪಿಕ್ ಮಾದರಿಗಳು .22 ಶಾರ್ಟ್ ತೋಟಾಕ್ಕೆ ಮಾಡಿದವು. ಆ ಸಣ್ಣ ತೋಟಾದ ಶಕ್ತಿ ಕಡಿಮೆ, ಅದಕ್ಕೆ ತಕ್ಕಂತೆ ಸ್ಲೈಡೂ ಹಗುರ. ಈ ಪಿಸ್ತೂಲುಗಳಲ್ಲಿ ಬೋಲ್ಟಿಗೆ ಯಾವ ಕೀಲಿಯೂ ಇಲ್ಲ. ಗುಂಡು ಹೊರಗೆ ಹೋಗುವವರೆಗೆ ತೋಟಾವನ್ನು ಹಿಂದಿನಿಂದ ತಡೆದಿರುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಶಾರ್ಟ್‌ನ ಹಗುರ ಸ್ಲೈಡ್ ಇಟ್ಟುಕೊಂಡು ಎಲ್ಆರ್ ಬ್ಯಾರೆಲ್ ಹಾಕಿ ಹೊಡೆದರೆ ಸ್ಲೈಡ್ ಬೇಗ ತೆರೆದು, ರಭಸವಾಗಿ ಹಿಂದಕ್ಕೆ ಬಡಿಯುತ್ತದೆ. ಬ್ಯಾರೆಲ್ ಕೂತಿತು ಅಂದ ಮಾತ್ರಕ್ಕೆ ಹೊಂದಿತು ಅಂತ ಅಲ್ಲ.

ಕೊನೆಗೆ ಅಕ್ಕನ ಮಗನ ವಿಷಯ. ಅಮೆರಿಕದೊಳಗೆ ಬ್ಯಾರೆಲ್ ಬಿಡಿಭಾಗ, ನಿಜ. ದೇಶ ದಾಟಿಸುವಾಗ ಹಾಗಲ್ಲ. ಪಿಸ್ತೂಲು ಬ್ಯಾರೆಲ್ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣದಲ್ಲಿ ಬರುತ್ತದೆ. ಇನ್ನೊಬ್ಬರಿಗೆ ಉಡುಗೊರೆ ಅಂತ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಡುವಂತಿಲ್ಲ. ಭಾರತದ ಕಡೆ ನಿಯಮ ಇನ್ನೂ ನೇರ. 1959ರ ಆಯುಧ ಕಾಯ್ದೆ ‘ಆಯುಧ’ ಅನ್ನುವಾಗ ಅದರ ಬಿಡಿಭಾಗಗಳನ್ನೂ ಸೇರಿಸಿಕೊಂಡೇ ಹೇಳುತ್ತದೆ, 10ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ತರುವಂತಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ‘ಬರೀ ಕೊಳವೆ ಸರ್’ ಅಂದರೆ ಯಾರೂ ಕೇಳುವುದಿಲ್ಲ. ನಿಮಗೂ ತೊಂದರೆ, ಆ ಹುಡುಗನ ಶೂಟಿಂಗ್ ಭವಿಷ್ಯಕ್ಕೂ ತೊಂದರೆ.

ಅಷ್ಟಕ್ಕೂ ಅವನಿಗೆ ಈ ಬ್ಯಾರೆಲ್ ಉಪಯೋಗಕ್ಕೆ ಬರುವುದಿಲ್ಲ. ಅವನು 25 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ತಯಾರಾಗುತ್ತಿದ್ದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಂತೆ ಬ್ಯಾರೆಲ್ 153 ಮಿ.ಮೀ. ಮೀರಬಾರದು, ಸೈಟುಗಳ ಅಂತರ 220 ಮಿ.ಮೀ. ಮೀರಬಾರದು. 7.25 ಇಂಚು ಅಂದರೆ 184 ಮಿ.ಮೀ., ಪರೀಕ್ಷೆಯ ಮೇಜಿನಲ್ಲೇ ವಾಪಸ್ ಕಳಿಸುತ್ತಾರೆ. ಅಲ್ಲಿ ಮೇಲಿನ ಮಟ್ಟದಲ್ಲಿ ಹೊಡೆಯುವವರ ಕೈಯಲ್ಲಿ ಸಾಮಾನ್ಯವಾಗಿ ಪಾರ್ಡಿನಿ, ವಾಲ್ಥರ್, ಮೊರಿನಿಯಂಥ ಪಿಸ್ತೂಲುಗಳೇ ಇರುತ್ತವೆ, ಅವುಗಳಿಗೆ ಬಕ್ ಮಾರ್ಕ್ ಬ್ಯಾರೆಲ್ ಹತ್ತಿರಕ್ಕೂ ಬರುವುದಿಲ್ಲ. ಅವನಿಗೆ ಏನಾದರೂ ಕೊಡಲೇಬೇಕು ಅನಿಸಿದರೆ ಒಳ್ಳೆಯ ಶೂಟಿಂಗ್ ಕನ್ನಡಕ, ಕಿವಿಗೆ ಹಾಕುವ ಇಯರ್ ಮಫ್ ತೆಗೆದುಕೊಂಡು ಹೋಗಿ. ಯಾವ ಲೆನ್ಸ್ ಬೇಕು ಅಂತ ಅವನ ಕೋಚ್‌ನ ಮೊದಲೇ ಕೇಳಿಕೊಳ್ಳಿ.